ಹಳೆ ಕಂಪ್ಯೂಟರಿಗೆ ವೇಗದ ನೆಟ್‌ವರ್ಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಯಂತ್ರಗಳಿಗೆ ನೆಟ್‌ವರ್ಕ್ ಜೋಡಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಲೆಕ್ಕ ತಪ್ಪದಿರಲಿ ಎಂದು ಮೊದಲೇ ಹೇಳಿಬಿಡುತ್ತೇವೆ: ನೆಟ್‌ವರ್ಕ್ ಕಾರ್ಡಿನ ವೇಗವನ್ನು ಮೆಗಾಬಿಟ್‌ನಲ್ಲಿ ಹೇಳುತ್ತಾರೆ, ಫೈಲ್ ಎಷ್ಟು ದೊಡ್ಡದು ಎಂಬುದನ್ನು ಮೆಗಾಬೈಟ್‌ನಲ್ಲಿ (ಎಂಬಿ) ಅಳೆಯುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. 10 ಮೆಗಾಬಿಟ್ ಕಾರ್ಡಿನಿಂದ ಸೆಕೆಂಡಿಗೆ ಹೆಚ್ಚೆಂದರೆ 1 ಎಂಬಿ ಚಿಲ್ಲರೆ, 100 ಮೆಗಾಬಿಟ್ ಕಾರ್ಡಿನಿಂದ ಸುಮಾರು 11 ಎಂಬಿ ಕೈಗೆ ಸಿಗುತ್ತದೆ.

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿ 350 ಮೆಗಾಹರ್ಟ್ಸ್‌ನ ಪೆಂಟಿಯಂ 2, ವಿಂಡೋಸ್ 98 ಸೆಕೆಂಡ್ ಎಡಿಷನ್ ಇರುವ ಡಿಟಿಪಿ ಯಂತ್ರ ಇನ್ನೂ ಓಡುತ್ತಿದೆ. ಹಳೆಯ ಪೇಜ್‌ಮೇಕರ್ ಫೈಲುಗಳು, ನುಡಿ ಫಾಂಟುಗಳು ಎಲ್ಲ ಅದರಲ್ಲೇ ಇವೆ. ಇರುವುದು 10 ಮೆಗಾಬಿಟ್ ಕಾರ್ಡ್. 6 ಜಿಬಿಯನ್ನು ಹೊಸ ಯಂತ್ರಕ್ಕೆ ದಾಟಿಸಲು ಎರಡು ಗಂಟೆ ಹಿಡಿಯುತ್ತದೆ. ಗಿಗಾಬಿಟ್ ಕಾರ್ಡ್ ಹಾಕಬಹುದೇ?
(ಒಬ್ಬ ಓದುಗರು, ಗದಗ)

ಉತ್ತರ: ಹಾಕಬಹುದು. ಆದರೆ ನಿಮ್ಮ ಯಂತ್ರಕ್ಕೆ 100 ಮೆಗಾಬಿಟ್ ಕಾರ್ಡೇ ಸರಿಯಾದ ಜೋಡಿ ಎಂಬುದು ನಮ್ಮ ಅಭಿಪ್ರಾಯ. ಪಿಸಿಐ ಬಸ್ (ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ) 33 ಮೆಗಾಹರ್ಟ್ಸ್‌ನಲ್ಲಿ 32 ಬಿಟ್ ಸಾಗಿಸುತ್ತದೆ, ಅಂದರೆ ಕಾಗದದ ಮೇಲೆ ಸೆಕೆಂಡಿಗೆ 133 ಎಂಬಿ. ಹಾಗಾಗಿ ಅಡಚಣೆ ಬಸ್‌ನಲ್ಲಿಲ್ಲ. ನೆಟ್‌ವರ್ಕ್‌ನಲ್ಲಿ ಒಂದು ಬಿಟ್ ಸಾಗಿಸಲು ಪ್ರೊಸೆಸರಿಗೆ ಸರಿಸುಮಾರು ಒಂದು ಹರ್ಟ್ಸ್ ಬೇಕು ಎಂಬ ಸ್ಥೂಲ ಲೆಕ್ಕ ಹಿಂದಿನಿಂದಲೂ ಇದೆ. ಅದರ ಪ್ರಕಾರ ನಿಮ್ಮ ಪ್ರೊಸೆಸರ್ ಬೇರೆಲ್ಲ ಕೆಲಸ ಬಿಟ್ಟು ಕೂತರೂ 350 ಮೆಗಾಬಿಟ್ ದಾಟುವುದಿಲ್ಲ. ಅದಕ್ಕೂ ಮೊದಲು ಹಾರ್ಡ್‌ಡಿಸ್ಕ್ ಕೈಚೆಲ್ಲುತ್ತದೆ. ಆ ಕಾಲದ ಡಿಸ್ಕುಗಳು ಸೆಕೆಂಡಿಗೆ ಹತ್ತು ಹದಿನೈದು ಎಂಬಿ ಓದಿದರೆ ದೊಡ್ಡದು. 11 ಎಂಬಿ ಕೊಡುವ ಕಾರ್ಡಿಗೂ ಗಿಗಾಬಿಟ್ ಕಾರ್ಡಿಗೂ ನಿಮ್ಮಲ್ಲಿ ಕಾಣುವ ವ್ಯತ್ಯಾಸ ಅಲ್ಪ. 6 ಜಿಬಿ ಎರಡೂ ಕಡೆ ಹತ್ತು ಹದಿನೈದು ನಿಮಿಷದಲ್ಲಿ ದಾಟುತ್ತದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಹಳೆಯ ಬಿಡಿಭಾಗ ಹುಡುಕುವಾಗ ಚಿಪ್ಪಿನ ಮೇಲಿನ ಬರಹ ಓದಿ. ಇಂಟೆಲ್ ಪ್ರೊ/100 (82557, 82558 ಅಥವಾ 82559 ಚಿಪ್) ಅಥವಾ ತ್ರೀಕಾಮ್ 3ಸಿ905ಬಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ರಿಯಲ್‌ಟೆಕ್ ಆರ್‌ಟಿಎಲ್8139 ಎಲ್ಲೆಡೆ ಸಿಗುತ್ತದೆ, ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಬಂದ ಪ್ರತಿ ಪ್ಯಾಕೆಟ್ಟನ್ನು (ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ತುಂಡು) ಪ್ರೊಸೆಸರೇ ಮೆಮೊರಿಯಲ್ಲಿ ಇನ್ನೊಮ್ಮೆ ನಕಲು ಮಾಡಬೇಕಾಗುವುದರಿಂದ ನಿಧಾನದ ಯಂತ್ರದಲ್ಲಿ ಅದರ ಭಾರ ಗೊತ್ತಾಗುತ್ತದೆ. ಗಿಗಾಬಿಟ್ಟೇ ಬೇಕೆಂದರೆ ಆರ್‌ಟಿಎಲ್8169 ಚಿಪ್ಪಿಗೆ ವಿಂಡೋಸ್ 98ರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇದೆ. ಬೇರೆ ಗಿಗಾಬಿಟ್ ಕಾರ್ಡ್ ಕೊಳ್ಳುವ ಮುನ್ನ ಡ್ರೈವರ್ ಕೈಗೆ ಬಂದಿರಲಿ.

ಜೋಡಿಸುವ ಕ್ರಮ ಹೀಗೆ. ವಿಂಡೋಸ್ 98 ಸಿಡಿಯಲ್ಲಿರುವ ‘ವಿನ್98’ ಫೋಲ್ಡರನ್ನು ಮೊದಲೇ ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ. ನೆಟ್‌ವರ್ಕ್ ಡ್ರೈವರ್ ಹಾಕುವಾಗ ನಡುವೆ ಸಿಡಿ ಕೇಳುವುದು ಈ ವಿಂಡೋಸಿನ ಪದ್ಧತಿ, ಇಪ್ಪತ್ತು ವರ್ಷ ದಾಟಿದ ಸಿಡಿ ಡ್ರೈವ್ ಆಗಲೇ ಕೈಕೊಡುತ್ತದೆ. ಹೊಸ ಕಾರ್ಡಿನ ಡ್ರೈವರನ್ನೂ ಡಿಸ್ಕಿನಲ್ಲಿಟ್ಟುಕೊಂಡು, ಡಿವೈಸ್ ಮ್ಯಾನೇಜರಿನಲ್ಲಿ ಹಳೆ ಕಾರ್ಡನ್ನು ತೆಗೆದುಹಾಕಿ. ಯಂತ್ರ ಆರಿಸಿ, ಪವರ್ ಕೇಬಲನ್ನೇ ಕಿತ್ತು, ಕಾರ್ಡ್ ಬದಲಿಸಿ. ಎಟಿಎಕ್ಸ್ ಯಂತ್ರ ಆರಿಸಿದ ಮೇಲೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ಕಾರ್ಡ್ ಎಳೆದರೆ ಸ್ಲಾಟೂ ಸುಡಬಹುದು.

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇನ್ನೊಂದಿದೆ. ಡಿವೈಸ್ ಮ್ಯಾನೇಜರಿನ ಡಿಸ್ಕ್ ಡ್ರೈವ್ಸ್ ವಿಭಾಗದಲ್ಲಿ ನಿಮ್ಮ ಹಾರ್ಡ್‌ಡಿಸ್ಕಿನ ಪ್ರಾಪರ್ಟೀಸ್ ತೆರೆದು, ಸೆಟ್ಟಿಂಗ್ಸ್ ಪುಟದಲ್ಲಿ ‘ಡಿಎಂಎ’ (ಪ್ರೊಸೆಸರ್ ಹೊರದೆಯೇ ಡಿಸ್ಕಿನ ಮಾಹಿತಿ ನೇರ ಮೆಮೊರಿಗೆ ಹೋಗುವ ಕ್ರಮ) ಎಂಬ ಚೌಕಕ್ಕೆ ಟಿಕ್ ಹಾಕಿ. ಅನೇಕ ಯಂತ್ರಗಳಲ್ಲಿ ಅದು ಖಾಲಿ ಇರುತ್ತದೆ. ಖಾಲಿ ಇದ್ದರೆ ಡಿಸ್ಕಿನ ಪ್ರತಿ ಎರಡು ಬೈಟನ್ನೂ ಪ್ರೊಸೆಸರ್ ತಾನೇ ಹೊರಬೇಕು, ನೆಟ್‌ವರ್ಕಿನ ಕೆಲಸಕ್ಕೆ ಅದಕ್ಕೆ ಪುರುಸೊತ್ತು ಉಳಿಯುವುದಿಲ್ಲ. 100 ಮೆಗಾಬಿಟ್ ಕಾರ್ಡ್ ಹಾಕಿಯೂ 3 ಎಂಬಿ ದಾಟುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು.

ಫೈಲ್ ದಾಟಿಸಲು ವಿಂಡೋಸಿನ ಹಂಚಿಕೆ ಫೋಲ್ಡರನ್ನು ನಂಬಬೇಡಿ. ವಿಂಡೋಸ್ 98 ಬಳಸುವ ಎಸ್‌ಎಂಬಿ (ಫೈಲ್ ಹಂಚಿಕೆಯ ನಿಯಮಾವಳಿ) ಮೊದಲನೇ ಆವೃತ್ತಿ ವಿಂಡೋಸ್ 10ರ 1709 ಬಿಡುಗಡೆಯಿಂದ (2017) ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಇರುವುದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಇದೇ ಎಸ್‌ಎಂಬಿಯ ದೋಷದ ಮೂಲಕ. ಅದನ್ನು ಮತ್ತೆ ಚಾಲೂ ಮಾಡಿ ಕಚೇರಿಯ ಹೊಸ ಯಂತ್ರವನ್ನು ಅಪಾಯಕ್ಕೆ ಒಡ್ಡುವುದು ಬೇಡ. ಹೊಸ ಯಂತ್ರದಲ್ಲಿ ಒಂದು ಎಫ್‌ಟಿಪಿ (ಫೈಲ್ ಸಾಗಿಸುವ ಹಳೆಯ ವಿಧಾನ) ಸರ್ವರ್ ಹಾಕಿ. ವಿಂಡೋಸ್ 98ರ ಡಾಸ್ ಕಿಟಕಿಯಲ್ಲಿ ಎಫ್‌ಟಿಪಿ ಆದೇಶ ಹೇಗೂ ಇದೆ. ಒಳಹೊಕ್ಕ ಕೂಡಲೇ ‘ಬಿನ್’ ಎಂಬ ಆದೇಶ (ಬಿ, ಐ, ಎನ್) ಕೊಡುವುದನ್ನು ಮರೆಯಬೇಡಿ. ಅದು ತಾನಾಗಿ ಶುರುವಾಗುವುದು ಪಠ್ಯದ ಕ್ರಮದಲ್ಲಿ. ಆ ಕ್ರಮದಲ್ಲಿ ಸಾಲು ಮುರಿಯುವ ಗುರುತಿನಂತೆ ಕಂಡ ಬೈಟುಗಳು ಬದಲಾಗಬಹುದು. ಹಾಗೆ ಬದಲಾದ ಫಾಂಟ್ ಫೈಲ್ ತೆರೆಯುವುದೇ ಇಲ್ಲ, ಪೇಜ್‌ಮೇಕರ್ ಫೈಲ್ ಕೆಟ್ಟಿದೆ ಎಂದು ದೂರು ಬರುತ್ತದೆ. ಹೊಸ ಯಂತ್ರದಲ್ಲಿ ಕನ್ನಡದಲ್ಲೇ ಹೆಸರಿಟ್ಟ ಫೈಲುಗಳಿದ್ದರೆ ಅವು ವಿಂಡೋಸ್ 98ಕ್ಕೆ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ, ತೆರೆಯಲಾಗುವುದಿಲ್ಲ. ವಿಂಡೋಸಿಗೆ ಯುನಿಕೋಡ್ ಕನ್ನಡ ಬಂದದ್ದು ಎಕ್ಸ್‌ಪಿಯಲ್ಲಿ. ದಾಟಿಸುವ ಮುನ್ನ ಇಂಗ್ಲಿಷ್ ಅಕ್ಷರದ ಹೆಸರಿಡಿ.

ವಿಂಡೋಸ್ 98ಕ್ಕೆ ಭದ್ರತಾ ತಿದ್ದುಪಡಿ ನಿಂತದ್ದು 2006ರ ಜುಲೈನಲ್ಲಿ. ಅದು ಇಂಟರ್‌ನೆಟ್ಟಿಗೆ ಹೋಗುವ ಅಗತ್ಯವೇ ಇಲ್ಲದಿದ್ದರೆ ಐಪಿ ವಿಳಾಸವನ್ನು ಕೈಯಾರೆ ಕೊಟ್ಟು (ರೂಟರ್ 192.168.1.1 ಆಗಿದ್ದರೆ 192.168.1.50, ಮಾಸ್ಕ್ 255.255.255.0), ಗೇಟ್‌ವೇ ಜಾಗ ಖಾಲಿ ಬಿಡಿ. ಕಚೇರಿಯೊಳಗಿನ ಯಂತ್ರಗಳೊಡನೆ ಮಾತಾಡುತ್ತದೆ, ಹೊರಗೆ ಹೋಗುವ ದಾರಿ ಅದಕ್ಕೆ ತಿಳಿಯುವುದಿಲ್ಲ.

ಇನ್ನೂ ಹಳೆಯ, ಎಟಿ ಪವರ್ ಸಪ್ಲೈ ಇರುವ ಪೆಂಟಿಯಂ 1 ಯಂತ್ರದವರಿಗೆ ಒಂದು ಎಚ್ಚರಿಕೆ. ಎಟಿ ಸಪ್ಲೈ 3.3 ವೋಲ್ಟ್ ಕೊಡುವುದಿಲ್ಲ, ಆ ಕಾಲದ ಅನೇಕ ಮದರ್‌ಬೋರ್ಡುಗಳು ಅದನ್ನು ಪಿಸಿಐ ಸ್ಲಾಟಿಗೆ ತಲುಪಿಸುವುದೂ ಇಲ್ಲ. ಕಾರ್ಡಿನ ಚಿನ್ನದ ಅಂಚಿನಲ್ಲಿ ಎರಡು ಕಚ್ಚುಗಳಿದ್ದರೆ ಅದು 5 ಮತ್ತು 3.3 ಎರಡೂ ಬಗೆಯ ಸ್ಲಾಟಿನಲ್ಲಿ ಕೂರುತ್ತದೆ. ಲೋಹದ ಪಟ್ಟಿಯ ಸಮೀಪ ಮಾತ್ರ ಕಚ್ಚಿದ್ದರೆ ಅದು 3.3 ವೋಲ್ಟಿನದು, ಹಳೆ ಸ್ಲಾಟಿಗೆ ಹೋಗದು. ಆದರೆ ಕಚ್ಚು ಹೇಳುವುದು ಸಿಗ್ನಲ್ ಬಗ್ಗೆ ಮಾತ್ರ, ವಿದ್ಯುತ್ ಬಗ್ಗೆ ಅಲ್ಲ. ಸರಿಯಾಗಿ ಕೂತ ಗಿಗಾಬಿಟ್ ಕಾರ್ಡ್ ಈ ಬೋರ್ಡುಗಳಲ್ಲಿ ಕಾಣಿಸಿಕೊಳ್ಳದೇ ಹೋದರೆ, ಸ್ಲಾಟಿನಿಂದ 3.3 ವೋಲ್ಟ್ ಬಯಸುವ ಕಾರ್ಡ್ ಅದಾಗಿರಬಹುದು. 5 ವೋಲ್ಟಿನಿಂದಲೇ ನಡೆಯುವ ಹಳೆಯ 100ರ ಕಾರ್ಡ್ ಹುಡುಕಿ.

ಪ್ರಶ್ನೆ: 486 ಯಂತ್ರ, ಡಾಸ್ 6.22, ಪಿಸಿಐಗಿಂತ ಹಳೆಯ ಐಎಸ್‌ಎ ಸ್ಲಾಟ್ ಮಾತ್ರ ಇದೆ. ಐಎಸ್‌ಎಗೂ 100 ಮೆಗಾಬಿಟ್ ಕಾರ್ಡ್ ಇತ್ತೆಂದು ಕೇಳಿದ್ದೇನೆ. ಅದನ್ನು ಹುಡುಕಬೇಕೇ? ಈಗಿರುವ ಎನ್‌ಇ2000 ಮಾದರಿಯ ಕಾರ್ಡಿಗೆ ಪ್ಯಾಕೆಟ್ ಡ್ರೈವರ್ ಲೋಡ್ ಆಗುತ್ತದೆ, ಆದರೆ ರೂಟರಿನಿಂದ ಐಪಿ ವಿಳಾಸ ಬರುವುದಿಲ್ಲ.
(ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಇತ್ತು. ತ್ರೀಕಾಮ್ 3ಸಿ515 ಅಂಥದ್ದು. ಸಂಗ್ರಹಕ್ಕೆ ಚೆಂದ, ವೇಗಕ್ಕಾಗಿ ಹುಡುಕಬೇಡಿ. 8 ಮೆಗಾಹರ್ಟ್ಸ್‌ನ 16 ಬಿಟ್ ಐಎಸ್‌ಎ ಬಸ್ ಕಾಗದದ ಮೇಲೇ ಸೆಕೆಂಡಿಗೆ 8 ಎಂಬಿ. ವಾಸ್ತವದಲ್ಲಿ ಅದರ ಕಾಲುಭಾಗದ ಆಸುಪಾಸು ಸಿಗುತ್ತದೆ. ನಿಮ್ಮ ಐಡಿಇ ಡಿಸ್ಕೂ ಅದೇ ಬಸ್ಸಿನ ಮೇಲೆ ಕೂತಿದ್ದರೆ ಪ್ರತಿ ಬೈಟ್ ಎರಡು ಸಲ ಅದೇ ದಾರಿಯಲ್ಲಿ ಓಡಾಡಬೇಕು. ಒಳ್ಳೆಯ 10 ಮೆಗಾಬಿಟ್ ಕಾರ್ಡನ್ನು ಪೂರ್ತಿ ದುಡಿಸಿಕೊಂಡರೆ ಸಾಕು.

ನಿಮ್ಮ ನಿಜವಾದ ತೊಂದರೆ ಐಆರ್‌ಕ್ಯೂನದು. ಡ್ರೈವರ್ ಲೋಡ್ ಆಯಿತು ಎಂದರೆ ಕಾರ್ಡಿನ ಐಒ ವಿಳಾಸ (ಪ್ರೊಸೆಸರ್ ಕಾರ್ಡನ್ನು ಗುರುತಿಸುವ ಅಂಕಿ) ಸರಿಯಿದೆ ಎಂದಷ್ಟೇ ಅರ್ಥ. ಪ್ಯಾಕೆಟ್ ಕಳಿಸುವುದು ಆ ವಿಳಾಸದ ಮೂಲಕವೇ ನಡೆದುಹೋಗುತ್ತದೆ. ಉತ್ತರ ಬಂದಿದೆ ಎಂದು ಪ್ರೊಸೆಸರಿಗೆ ತಿಳಿಸಲು ಮಾತ್ರ ಐಆರ್‌ಕ್ಯೂ ಬೇಕು. ಅದು ತಪ್ಪಿದ್ದರೆ ಯಂತ್ರಕ್ಕೆ ಬಾಯಿ ಇದೆ, ಕಿವಿ ಇಲ್ಲ. ರೂಟರಿನ ಲಾಗ್ ತೆರೆದು ನೋಡಿ: ಅಲ್ಲಿ 486 ಐಪಿ ವಿಳಾಸ ಕೇಳಿದ್ದೂ ರೂಟರ್ ಕೊಟ್ಟದ್ದೂ ದಾಖಲಾಗಿದ್ದು, ಇಲ್ಲಿ ಮಾತ್ರ ಸಮಯ ಮೀರಿತು ಎಂಬ ಸಂದೇಶ ಬಂದರೆ ನಮ್ಮ ಊಹೆ ಖಚಿತ.

ಎನ್‌ಇ2000 ಕಾರ್ಡುಗಳು ಸಾಮಾನ್ಯವಾಗಿ ಐಆರ್‌ಕ್ಯೂ 3ರಲ್ಲಿ ಬರುತ್ತವೆ. ಅದು ಎರಡನೇ ಸೀರಿಯಲ್ ಪೋರ್ಟಿನ ಜಾಗ. 5ರಲ್ಲಿ ಸೌಂಡ್ ಬ್ಲಾಸ್ಟರ್ ಇರುವ ಸಂಭವ ಹೆಚ್ಚು. 10 ಅಥವಾ 11 ಇಟ್ಟುಕೊಳ್ಳಿ. ಐಒ ವಿಳಾಸ ಹೆಕ್ಸ್ (16ರ ಲೆಕ್ಕದ ಅಂಕಿ) 300 ಇರಲಿ. ಈ ಕಾರ್ಡ್ ತನ್ನ ವಿಳಾಸದಿಂದ ಮುಂದೆ 32 ಬೈಟ್ ಜಾಗ ಹಿಡಿಯುತ್ತದೆ ಎಂಬುದು ಮುಖ್ಯ. 320 ಇಟ್ಟರೆ 33ಎಫ್‌ವರೆಗೆ ಹಬ್ಬಿ 330ರಲ್ಲಿರುವ ಸೌಂಡ್ ಕಾರ್ಡಿನ ಮಿಡಿಯನ್ನು ತುಳಿಯುತ್ತದೆ. 360 ಇಟ್ಟರೆ 37ಎಫ್‌ವರೆಗೆ ಹೋಗಿ 378ರ ಪ್ರಿಂಟರ್ ಪೋರ್ಟನ್ನು ನುಂಗುತ್ತದೆ. ಜಂಪರ್ ಇಲ್ಲದ ಕಾರ್ಡಾದರೆ ಅದರ ಸೆಟಪ್ ಪ್ರೋಗ್ರಾಮನ್ನು ಇಎಂಎಂ386 (ಮೆಮೊರಿ ನಿರ್ವಾಹಕ) ಇಲ್ಲದ ಖಾಲಿ ಡಾಸ್‌ನಲ್ಲಿ ಓಡಿಸಿ, ಪ್ಲಗ್ ಅಂಡ್ ಪ್ಲೇ ಕ್ರಮವನ್ನು ಬಂದ್ ಮಾಡಿ, ಅಂಕಿಗಳನ್ನು ಅಲ್ಲೇ ಬರೆದುಬಿಡಿ. ಪ್ಯಾಕೆಟ್ ಡ್ರೈವರಿಗೂ ಅವೇ ಅಂಕಿ ಕೊಡಬೇಕು. ಇಂಥ ಡ್ರೈವರುಗಳಲ್ಲಿ ಹೆಕ್ಸ್ ಅಂಕಿಗೆ ಮೊದಲು ಸೊನ್ನೆ ಮತ್ತು ಎಕ್ಸ್ ಅಕ್ಷರ (0x) ಬೇಕು. ಐಆರ್‌ಕ್ಯೂ 10ಕ್ಕೆ ಅದೇ ಗುರುತು ಹಚ್ಚಿದರೆ ಅದು 16 ಆಗಿಬಿಡುತ್ತದೆ.

ಹೊಸದಾಗಿ ಕಾರ್ಡ್ ಕೊಳ್ಳುವುದಾದರೆ ತ್ರೀಕಾಮ್ 3ಸಿ509ಬಿ ನಮ್ಮ ಆಯ್ಕೆ. ಆರ್‌ಜೆ45ರ ಜೊತೆ ಬಿಎನ್‌ಸಿ ಕಿಂಡಿಯೂ ಇರುವ ‘ಕಾಂಬೊ’ ಆಗಿದ್ದರೆ ಯಾವ ಕಿಂಡಿ ಎಂಬುದನ್ನು ಸೆಟಪ್‌ನಲ್ಲಿ 10ಬೇಸ್‌-ಟಿ (ಆರ್‌ಜೆ45) ಎಂದು ನಿಗದಿ ಮಾಡಿ. ಬಿಎನ್‌ಸಿ ಎಂದು ಉಳಿದುಹೋದರೆ ಕೇಬಲ್ ಎಷ್ಟು ಸಲ ಬದಲಿಸಿದರೂ ದೀಪ ಹತ್ತುವುದಿಲ್ಲ.

ಡಾಸ್‌ನಲ್ಲಿ ಎಂಟಿಸಿಪಿ ಎಂಬ ನೆಟ್‌ವರ್ಕ್ ಪ್ರೋಗ್ರಾಮುಗಳ ಕಟ್ಟು ಬಳಸುವವರಿಗೆ ಒಂದೇ ಸಾಲಿನ ವೇಗೋಪಾಯವಿದೆ. ಅದರ ಕಾನ್ಫಿಗ್ ಫೈಲಿನಲ್ಲಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೇಳದಿದ್ದರೆ 576 ಎಂದುಕೊಳ್ಳುತ್ತದೆ. ಹಾಗಿದ್ದಾಗ ಪ್ರತಿ ಪ್ಯಾಕೆಟ್ಟಿನಲ್ಲಿ ಹೋಗುವ ಮಾಹಿತಿ 536 ಬೈಟ್, 1 ಎಂಬಿಗೆ ಸುಮಾರು 1,950 ಪ್ಯಾಕೆಟ್. 1500 ಎಂದು ಬರೆದರೆ 1,460 ಬೈಟ್ ಹಿಡಿಸಿ ಸುಮಾರು 720 ಪ್ಯಾಕೆಟ್ಟಿನಲ್ಲಿ ಮುಗಿಯುತ್ತದೆ. 486ರಂಥ ಯಂತ್ರಕ್ಕೆ ಪ್ಯಾಕೆಟ್ ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಬಂದವು ಎಂಬುದೇ ಭಾರ.

ಪ್ರಶ್ನೆ: ಪೆಂಟಿಯಂ 3 ಯಂತ್ರಕ್ಕೆ 100ರ ಕಾರ್ಡ್ ಹಾಕಿದೆ. ಪಿಂಗ್ ಚೆನ್ನಾಗಿದೆ, ಸಣ್ಣ ಫೈಲ್ ತಟ್ಟನೆ ಹೋಗುತ್ತದೆ. ದೊಡ್ಡ ಫೈಲ್ ಮಾತ್ರ ಸೆಕೆಂಡಿಗೆ 100 ಕೆಬಿಯಂತೆ ತೆವಳುತ್ತದೆ. ಕೇಬಲ್ ಬದಲಿಸಿದ್ದಾಯಿತು. ಪಕ್ಕದಲ್ಲಿರುವ 10 ಮೆಗಾಬಿಟ್ ಯಂತ್ರಕ್ಕಂತೂ ಹೊಸ 2.5 ಗಿಗಾಬಿಟ್ ಸ್ವಿಚ್‌ನಲ್ಲಿ ದೀಪವೇ ಹತ್ತುವುದಿಲ್ಲ.
(ಒಬ್ಬ ಓದುಗರು, ಮೈಸೂರು)

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದರ ಲಕ್ಷಣ ಡ್ಯುಪ್ಲೆಕ್ಸ್ ಹೊಂದಾಣಿಕೆ ತಪ್ಪಿದ್ದರದ್ದು. ಎರಡೂ ಕಡೆಯವು ಒಟ್ಟಿಗೆ ಕಳಿಸಬಹುದಾದರೆ ಅದು ಫುಲ್ ಡ್ಯುಪ್ಲೆಕ್ಸ್, ಸರದಿಯಲ್ಲಿ ಮಾತ್ರ ಕಳಿಸುವುದು ಹಾಫ್. ಡ್ರೈವರಿನ ಸೆಟ್ಟಿಂಗಿನಲ್ಲಿ ‘100, ಫುಲ್ ಡ್ಯುಪ್ಲೆಕ್ಸ್’ ಎಂದು ಆರಿಸಿದ್ದೀರಾ ನೋಡಿ. ವೇಗ ಹೆಚ್ಚಲಿ ಎಂದು ಬಹಳ ಮಂದಿ ಹಾಗೆ ಮಾಡುತ್ತಾರೆ. ಹಾಗೆ ನಿಗದಿ ಮಾಡಿದ ಕಾರ್ಡ್ ಮಾತುಕತೆಯ ಸಂಕೇತ ಕಳಿಸುವುದನ್ನೇ ನಿಲ್ಲಿಸುತ್ತದೆ. ಆಚೆ ಕಡೆಯ ಸ್ವಿಚ್ಚಿಗೆ ತಂತಿಯ ಮೇಲಿನ ಸಿಗ್ನಲ್ ನೋಡಿ ವೇಗ 100 ಎಂದು ಗೊತ್ತಾಗುತ್ತದೆ, ಡ್ಯುಪ್ಲೆಕ್ಸ್ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಹಾಫ್ ಎಂದುಕೊಳ್ಳಬೇಕು ಎಂಬುದು ನಿಯಮ. ಈಗ ನಿಮ್ಮ ಕಾರ್ಡ್ ಯಾವಾಗ ಬೇಕಾದರೂ ಕಳಿಸುತ್ತದೆ, ಸ್ವಿಚ್ ಅದನ್ನು ಡಿಕ್ಕಿ ಎಂದು ಭಾವಿಸಿ ತಾನು ಕಳಿಸುತ್ತಿದ್ದ ಪ್ಯಾಕೆಟ್ಟನ್ನು ಅರ್ಧಕ್ಕೆ ಬಿಟ್ಟು ಹಿಂದೆ ಸರಿಯುತ್ತದೆ. ಪಿಂಗ್‌ನಲ್ಲಿ ಒಂದು ಹೋಗಿ ಒಂದು ಬರುವುದರಿಂದ ಡಿಕ್ಕಿಯಾಗುವುದಿಲ್ಲ. ದೊಡ್ಡ ಫೈಲಿನಲ್ಲಿ ಎರಡೂ ದಿಕ್ಕಿನಲ್ಲಿ ಒಟ್ಟಿಗೆ ಓಡಾಟವಿರುವುದರಿಂದ ಎಲ್ಲ ಕೆಡುತ್ತದೆ. ಕಾರ್ಡನ್ನು ‘ಆಟೋ’ಗೆ ಮರಳಿಸಿ, ಯಂತ್ರ ಮರುಚಾಲನೆ ಮಾಡಿ. ಆಟೋ ಗೊತ್ತೇ ಇಲ್ಲದಷ್ಟು ಹಳೆಯ ಕಾರ್ಡಾದರೆ ಹಾಫ್ ಇಡಿ. ಎರಡೂ ಕಡೆ ಹಾಫ್ ಇರುವ ಜೋಡಣೆ, ಒಂದು ಕಡೆ ಫುಲ್ ಒಂದು ಕಡೆ ಹಾಫ್ ಇರುವುದಕ್ಕಿಂತ ಎಷ್ಟೋ ಪಾಲು ವೇಗ.

ಎರಡನೆಯದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ. 2.5 ಮತ್ತು 10 ಗಿಗಾಬಿಟ್ ಸ್ವಿಚ್ಚುಗಳಲ್ಲಿ ಹಲವು 10 ಮೆಗಾಬಿಟ್ಟನ್ನು ಕೈಬಿಟ್ಟಿವೆ. ಹಳೆಯ ಐದು ಪೋರ್ಟಿನ 10/100 ಸ್ವಿಚ್ ಒಂದನ್ನು ನಡುವೆ ಹಾಕಿ. ಹಳೆ ಯಂತ್ರಗಳೆಲ್ಲ ಅದಕ್ಕೆ, ಅದರಿಂದ ಒಂದು ಕೇಬಲ್ ಹೊಸದಕ್ಕೆ.

ಹಳೆಯ ಕಟ್ಟಡದ ಗೋಡೆಯೊಳಗಿನ ಕೇಬಲ್ ಬಳಸುವವರೂ ಗಮನಿಸಿ: 10 ಮತ್ತು 100 ಮೆಗಾಬಿಟ್ಟಿಗೆ ನಾಲ್ಕು ತಂತಿ (1, 2, 3, 6) ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಒಂದೇ ಕೇಬಲನ್ನು ಸೀಳಿ ಎರಡು ಯಂತ್ರಕ್ಕೆ ಹಂಚಿದ ಕಡೆ ಗಿಗಾಬಿಟ್ ಕಾರ್ಡ್ ಹಾಕಿದರೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ, ಇಲ್ಲವೇ ಬರುವುದೇ ಇಲ್ಲ.

ಪ್ರಶ್ನೆ: ನನ್ನಲ್ಲಿ ಮ್ಯಾಕಿಂತೋಷ್ ಎಸ್‌ಇ/30 ಇದೆ. ಆಪಲ್‌ನ ಹಳೆಯ ನೆಟ್‌ವರ್ಕ್ ಜೋಡಣೆಯಾದ ಲೋಕಲ್‌ಟಾಕ್ ಬಹಳ ನಿಧಾನ. ಅದಕ್ಕೆ ಹೊಂದುವ ಹಳೆಯ ಈಥರ್‌ನೆಟ್ ಕಾರ್ಡಿನ ಬೆಲೆ ಕೈಗೆಟುಕುವುದಿಲ್ಲ. ಬೇರೆ ದಾರಿ ಇದೆಯೇ?
(ಕನ್ನಡಿಗರೊಬ್ಬರು, ಕ್ಯಾಲಿಫೋರ್ನಿಯಾ)

ಉತ್ತರ: ಇದೆ. ಲೋಕಲ್‌ಟಾಕ್‌ನ ಮಿತಿ ಸೆಕೆಂಡಿಗೆ 230.4 ಕಿಲೋಬಿಟ್, ಅಂದರೆ 28 ಕೆಬಿ. ಎಸ್‌ಇ/30ರ ಸ್ಕಸಿ ಪೋರ್ಟ್ (ಡಿಸ್ಕ್ ಮುಂತಾದವನ್ನು ಜೋಡಿಸುವ ಕಿಂಡಿ) ಅದಕ್ಕಿಂತ ಎಷ್ಟೋ ಪಟ್ಟು ಅಗಲ. ಬ್ಲೂಸ್ಕಸಿ ಎಂಬ ಸ್ಕಸಿ ಸಾಧನದ ಎರಡನೇ ಆವೃತ್ತಿಯನ್ನು ವೈಫೈ ಇರುವ ಪೈಕೊ ಡಬ್ಲ್ಯೂ ಬೋರ್ಡಿನೊಂದಿಗೆ ಕೊಂಡರೆ ಅದು ಹಾರ್ಡ್‌ಡಿಸ್ಕಾಗಿಯೂ, ಡೇನಾಪೋರ್ಟ್ ಎಂಬ 90ರ ದಶಕದ ಸ್ಕಸಿ ಈಥರ್‌ನೆಟ್ ಪೆಟ್ಟಿಗೆಯಾಗಿಯೂ ಒಟ್ಟಿಗೆ ನಟಿಸುತ್ತದೆ. ಪೈಕೊ ಡಬ್ಲ್ಯೂ ಅಲ್ಲದ ಬರೀ ಪೈಕೊ ಇರುವ ಬೋರ್ಡಿನಲ್ಲಿ ವೈಫೈ ಇಲ್ಲ, ಕೊಳ್ಳುವಾಗ ಕೇಳಿ. ವೈಫೈ ಹೆಸರು, ಗುಪ್ತಪದವನ್ನು ಎಸ್‌ಡಿ ಕಾರ್ಡಿನ ಸೆಟ್ಟಿಂಗ್ ಫೈಲಿನಲ್ಲಿ ಬರೆದು, ನೆಟ್‌ವರ್ಕ್ ಸಾಧನಕ್ಕೆ ಬೇರೆ ಯಾವುದೂ ಬಳಸದ ಸ್ಕಸಿ ಐಡಿ ಕೊಟ್ಟು, ಮ್ಯಾಕಿನಲ್ಲಿ ಡೇನಾಪೋರ್ಟ್ ಡ್ರೈವರ್ ಹಾಕಿ. ಪೈಕೊ ಡಬ್ಲ್ಯೂಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ರೂಟರ್ 5 ಗಿಗಾಹರ್ಟ್ಸ್ ಮಾತ್ರ ಕೊಡುತ್ತಿದ್ದರೆ ಸಿಗುವುದಿಲ್ಲ. ಮ್ಯಾಕ್‌ಟಿಸಿಪಿ (ಹಳೆ ಮ್ಯಾಕಿನ ನೆಟ್‌ವರ್ಕ್ ತಂತ್ರಾಂಶ) ಬಳಸುವುದಾದರೆ ವಿಳಾಸವನ್ನು ಕೈಯಾರೆ ಕೊಡಬೇಕು, ಅದಕ್ಕೆ ಡಿಎಚ್‌ಸಿಪಿ (ರೂಟರಿನಿಂದ ತಾನಾಗಿ ವಿಳಾಸ ಪಡೆಯುವ ಕ್ರಮ) ತಿಳಿಯದು.

ಆಪಲ್‌ಟಾಕ್ ಎಂಬ ಆಪಲ್‌ನ ಹಳೆಯ ಸಂಪರ್ಕ ಕ್ರಮದ ಮೂಲಕ ಹೊಸ ಮ್ಯಾಕಿಗೆ ಫೈಲ್ ಕಳಿಸುವ ಯೋಚನೆ ಇದ್ದರೆ ಬಿಡಿ. 2009ರ ಮ್ಯಾಕ್ ಓಎಸ್ 10.6ರಲ್ಲೇ ಅದು ಹೋಯಿತು. ಎಫ್‌ಟಿಪಿ ಬಳಸಿ. ಮ್ಯಾಕಿನ ಪೆಟ್ಟಿಗೆ ಬಿಚ್ಚಿದಾಗ ಇದಕ್ಕಿಂತ ತುರ್ತಿನ ಕೆಲಸವೊಂದಿದೆ: ಬೋರ್ಡಿನ ಮೇಲಿರುವ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ತೆಗೆದುಬಿಡಿ. ಅದು ಸೋರಿ ಬೋರ್ಡನ್ನೇ ತಿಂದುಹಾಕಿದ ಎಸ್‌ಇ/30ಗಳು ಬಹಳ. ಪರದೆಯ ಕೊಳವೆಯಲ್ಲಿ ಯಂತ್ರ ಆರಿಸಿದ ಮೇಲೂ ಸಾವಿರಾರು ವೋಲ್ಟ್ ನಿಂತಿರಬಹುದು, ಆ ಕಡೆ ಕೈ ಹಾಕಬೇಡಿ.

ಪ್ರಶ್ನೆ: ವಿಂಡೋಸ್ 98 ಲ್ಯಾಪ್‌ಟಾಪಿಗೆ ಹಳೆಯ ವೈಫೈ ಪಿಸಿ ಕಾರ್ಡ್ ಸಿಕ್ಕಿದೆ. ಮನೆಯ ರೂಟರಿಗೆ ಸೇರುವುದಿಲ್ಲ.
(ಗೃಹಿಣಿ, ಶಿವಮೊಗ್ಗ)

ಉತ್ತರ: ಆ ಕಾರ್ಡಿಗೆ ಗೊತ್ತಿರುವುದು ವೆಪ್ ಎಂಬ ಹಳೆಯ ಬೀಗ, ನಿಮ್ಮ ರೂಟರ್ ಕೇಳುವುದು ಡಬ್ಲ್ಯೂಪಿಎ2. ಇದಕ್ಕಾಗಿ ರೂಟರನ್ನು ವೆಪ್‌ಗೆ ಇಳಿಸಬೇಡಿ, ಅದನ್ನು ಈಗ ನಿಮಿಷಗಳಲ್ಲಿ ಮುರಿಯುತ್ತಾರೆ. ‘ಕ್ಲೈಂಟ್’ ಕ್ರಮವಿರುವ ಸಣ್ಣ ಟ್ರಾವೆಲ್ ರೂಟರ್ ಕೊಂಡು ಅದು ವೈಫೈ ಹಿಡಿಯಲಿ, ಅದರಿಂದ ಲ್ಯಾಪ್‌ಟಾಪಿಗೆ ಈಥರ್‌ನೆಟ್ ಪಿಸಿ ಕಾರ್ಡಿನ ಮೂಲಕ ಕೇಬಲ್ ಹೋಗಲಿ. ಕಾರ್ಡಿನ ತುದಿಯಲ್ಲಿ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಕಂಡರೆ ಅದು 32 ಬಿಟ್‌ನ ಕಾರ್ಡ್‌ಬಸ್, 100 ಮೆಗಾಬಿಟ್ಟನ್ನು ನಿಭಾಯಿಸುತ್ತದೆ. ಪಟ್ಟಿ ಇಲ್ಲದ್ದು 16 ಬಿಟ್, ವೇಗದಲ್ಲಿ ಐಎಸ್‌ಎಯ ತಮ್ಮ. ಬಾಲದ ಕೇಬಲ್ ಬೇಕಾದ ಕಾರ್ಡಾದರೆ ಅದರೊಂದಿಗೇ ಕೊಳ್ಳಿ, ಬೇರೆ ಮಾದರಿಯ ಬಾಲ ಕೂರುವುದಿಲ್ಲ.

ಪ್ರಶ್ನೆ: ಪಿಸಿ-ಎಕ್ಸ್‌ಟಿ ಯಂತ್ರದ ಸೀರಿಯಲ್ ಪೋರ್ಟಿಗೆ ಇಎಸ್‌ಪಿ8266 ವೈಫೈ ಮೋಡೆಮ್ ಹಾಕಿದ್ದೇನೆ. ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಅಕ್ಷರಗಳು ಕಳೆದುಹೋಗುತ್ತವೆ.
(ಒಬ್ಬ ಓದುಗರು, ಹುಬ್ಬಳ್ಳಿ)

ಉತ್ತರ: ಆ ವೇಗದಲ್ಲಿ 87 ಮೈಕ್ರೋಸೆಕೆಂಡಿಗೊಂದು ಬೈಟ್ ಬರುತ್ತದೆ. 4.77 ಮೆಗಾಹರ್ಟ್ಸ್‌ನ 8088ಕ್ಕೆ ಅದು ಸುಮಾರು 414 ಗಡಿಯಾರ ಬಡಿತ. ಎಕ್ಸ್‌ಟಿಯ 8250 ಚಿಪ್ ಬಂದ ಬೈಟಿನಲ್ಲಿ ಒಂದನ್ನಷ್ಟೇ ಹಿಡಿದಿಡುತ್ತದೆ, ಅಷ್ಟರೊಳಗೆ ಪ್ರೊಸೆಸರ್ ಬರದಿದ್ದರೆ ಮುಂದಿನ ಬೈಟ್ ಅದರ ಮೇಲೇ ಬೀಳುತ್ತದೆ. 16 ಬೈಟ್ ಬಫರಿರುವ 16550ಎ ಚಿಪ್ಪಿನ ಸೀರಿಯಲ್ ಕಾರ್ಡ್ ಹಾಕಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಬಫರ್ ಬಳಕೆಯನ್ನು ಚಾಲೂ ಮಾಡಿ. ಆಮೇಲೂ 38400ರಿಂದ ಶುರುಮಾಡಿ ಮೇಲೇರಿ. ಮೋಡೆಮ್ ಕಟ್ಟುವಾಗ ಮ್ಯಾಕ್ಸ್3232 ಚಿಪ್ ನಡುವೆ ಇರಲೇಬೇಕು, ಇಎಸ್‌ಪಿ8266 3.3 ವೋಲ್ಟಿನದು, ಸೀರಿಯಲ್ ಪೋರ್ಟಿನ 12 ವೋಲ್ಟ್ ತಗುಲಿದರೆ ಸುಡುತ್ತದೆ. ಮೂರೇ ತಂತಿಯ ಜೋಡಣೆ ಮಾಡಿದ್ದರೆ ಆರ್‌ಟಿಎಸ್, ಸಿಟಿಎಸ್ ತಂತಿಗಳನ್ನೂ ಎಳೆದು ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಎರಡೂ ಕಡೆ ಚಾಲೂ ಮಾಡಿ. ಮೋಡೆಮ್ಮಿಗೆ ‘ತಡೆ’ ಎನ್ನಲು ಯಂತ್ರಕ್ಕೆ ಬೇರೆ ತಂತಿಯಿಲ್ಲ.